ಕಸದ ಗಾಡಿಯ ಪ್ರಾಯೋಗಿಕ ಓಡಾಟ

ಗಾಡಿ ಬಂತು ಎಂಬ ಸುದ್ದಿ ತಲುಪಿದಾಗ ನಾನು ಮನೆಯ ಮುಂದೆ ಕೂತು ರಾಗಿ ಕೇರುತ್ತಿದ್ದೆ. ಮೊರವನ್ನು ಅಲ್ಲೇ ಬಿಟ್ಟು, ಡ್ರೈವಿಂಗ್ ಲೈಸೆನ್ಸನ್ನು ಪರ್ಸಿಗೆ ಹಾಕಿಕೊಂಡು ಪಂಚಾಯಿತಿ ಕಚೇರಿಗೆ ಓಡಿದೆ. ಅಲ್ಲಿ ಯಾರೂ ಲೈಸೆನ್ಸ್ ಕೇಳುವುದಿಲ್ಲ ಎಂದು ಗೊತ್ತಿತ್ತು. ಆದರೂ ಅದನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಮಂಡ್ಯದಲ್ಲಿ ಒಂದು ತಿಂಗಳು ಕಲಿತು, ಮೊದಲ ಪರೀಕ್ಷೆಯಲ್ಲಿ ಕಂಬಕ್ಕೆ ಗುದ್ದಿ, ಎರಡನೆಯದರಲ್ಲಿ ಪಾಸಾಗಿ ಪಡೆದ ಲೈಸೆನ್ಸ್ ಅದು.

ಗಾಡಿ ಅಂಗಳದಲ್ಲಿ ನಿಂತಿತ್ತು. ನಾಲ್ಕು ಚಕ್ರದ ಪುಟ್ಟ ಟಿಪ್ಪರ್. ಹಿಂದಿನ ತೊಟ್ಟಿಯಲ್ಲಿ ಎರಡು ಭಾಗ, ಹಸಿ ಕಸಕ್ಕೆ ಹಸಿರು ಬಣ್ಣ, ಒಣ ಕಸಕ್ಕೆ ನೀಲಿ. ತಲೆಯ ಮೇಲೊಂದು ಮೈಕು. ಒಂದು ಹಿಡಿ ಎಳೆದರೆ ತೊಟ್ಟಿ ತಾನಾಗಿ ಎದ್ದು ಕಸ ಸುರಿಯುತ್ತದೆ. ಸ್ವಸಹಾಯ ಸಂಘದಿಂದ ಇಬ್ಬರನ್ನು ಆರಿಸಿದ್ದರು. ಓಡಿಸುವವಳು ನಾನು. ಮನೆಮನೆಯ ಕಸ ಈಸಿಕೊಂಡು ಬೇರೆ ಮಾಡಿ ತುಂಬುವವಳು ನನ್ನ ಜೊತೆಗಾತಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಕಬ್ಬು ಕಡಿದು ಕಡಿದು ಗಟ್ಟಿಯಾದ ಕೈ, ಬಾಯಿ ಅದಕ್ಕಿಂತ ಗಟ್ಟಿ.

ಅಕ್ಕ ಗಾಡಿಯನ್ನು ಹಸು ಕೊಳ್ಳುವವರ ಹಾಗೆ ಒಂದು ಸುತ್ತು ಬಂದು ತಟ್ಟಿ ನೋಡಿದಳು. “ಚೆನ್ನಾಗದೆ ಕಣಮ್ಮಿ. ನಾಳಿಂದ್ಲೇ ಸುರು ಮಾಡವಾ.”

ಒಳಗಿನಿಂದ ಪಿಡಿಒ ಬಂದರು. ಪಿಡಿಒ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ದಿನಾ ಮಂಡ್ಯದಿಂದ ಬಸ್ಸು ಹಿಡಿದು ನಮ್ಮ ಕೊಪ್ಪದ ಕಡೆಗೆ ಬರುತ್ತಿದ್ದ ಸಾಧು ಮನುಷ್ಯ. ಏನೇ ಕೇಳಿದರೂ ಮೊದಲು ಕನ್ನಡಕ ತೆಗೆದು ಒರೆಸುತ್ತಿದ್ದರು.

“ನಾಳೆಯಿಂದಲೇ ಹೇಗಮ್ಮ? ಉದ್ಘಾಟನೆ ಆಗಬೇಡವಾ?” ಎಂದರು.

ಆ ಒಂದು ಮಾತಿನ ಮೇಲೆ ಗಾಡಿ ಏಳು ತಿಂಗಳು ಅಲ್ಲೇ ನಿಂತಿತು.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ನಮ್ಮ ಅಧ್ಯಕ್ಷೆ ಗೆದ್ದದ್ದು ಬಕೆಟ್ ಗುರುತಿನಲ್ಲಿ, ಉಪಾಧ್ಯಕ್ಷರು ಹೊಲಿಗೆ ಯಂತ್ರದ ಗುರುತಿನಲ್ಲಿ. ಕಾಗದದ ಮೇಲೆ ನಮ್ಮಲ್ಲಿ ಪಕ್ಷವೇ ಇಲ್ಲ. ಆದರೆ ಯಾರ ಕೊಟ್ಟಿಗೆಯ ಹಸು ಯಾವ ಪಕ್ಷದ್ದು ಎನ್ನುವುದೂ ಊರಿಗೆ ಗೊತ್ತು. ಅಧ್ಯಕ್ಷೆಯ ಮನೆಯವರದು ಇಲ್ಲೇ ಹುಟ್ಟಿ ಬೆಳೆದ ಪ್ರಾದೇಶಿಕ ಪಕ್ಷ, ನಮ್ಮ ಶಾಸಕರೂ ಅದರವರೇ. ಉಪಾಧ್ಯಕ್ಷರದು ರಾಷ್ಟ್ರೀಯ ಪಕ್ಷ, ಸಂಸದರು ಆ ಕಡೆಯವರು. ಊರಿನ ಬಾಯಲ್ಲಿ ಒಂದು ‘ನಮ್ ಪಕ್ಸ’, ಇನ್ನೊಂದು ‘ದಿಲ್ಲಿ ಪಕ್ಸ’. ಗಾಡಿಗೆ ಅರ್ಧ ದುಡ್ಡು ದಿಲ್ಲಿಯ ಯೋಜನೆಯಿಂದ ಬಂದಿತ್ತು, ಉಳಿದದ್ದು ರಾಜ್ಯದಿಂದ. ಜಗಳಕ್ಕೆ ಅಷ್ಟು ಸಾಕಾಯಿತು.

ಸಭೆ ಕರೆದರು. ಅಧ್ಯಕ್ಷೆ ದೊಡ್ಡ ಕುರ್ಚಿಯಲ್ಲಿ ಕೂತಿದ್ದರು, ಮಾತು ಮಾತ್ರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಿಂದ ಬರುತ್ತಿತ್ತು. ಅಲ್ಲಿ ಅವರ ಗಂಡ ಕೂರುತ್ತಿದ್ದರು. ಅವರು, ಉಪಾಧ್ಯಕ್ಷರು ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಹತ್ತು ವರ್ಷದಿಂದ ಸಭೆಯಲ್ಲಿ ಬಿಟ್ಟರೆ ಬೇರೆಲ್ಲೂ ಮಾತಾಡಿರಲಿಲ್ಲ.

“ಬಾವುಟ ಬೀಸೋದು ನಮ್ ಸಾಸಕರು. ಇದ್ರಾಗೆ ಎಲ್ಡ್ ಮಾತಿಲ್ಲ,” ಎಂದರು ಅಧ್ಯಕ್ಷೆಯ ಗಂಡ.

“ದುಡ್ಡು ಕೊಟ್ಟೋರು ದಿಲ್ಲಿಯವ್ರು, ಬಾವುಟ ಬೀಸೋರು ನೀವಾ? ಸಂಸದ್ರು ಬರ್ಬೇಕು,” ಎಂದರು ಉಪಾಧ್ಯಕ್ಷರು.

“ದಿಲ್ಲಿ ದುಡ್ಡು ಏನು ಆಕಾಸದಿಂದ ಉದುರ್ತಾ? ನಾವ್ ಕಟ್ಟಿದ್ ತೆರಿಗೆ ಅಲ್ವೇನ್ಲಾ?”

“ನೀನ್ ಯಾವತ್ಲಾ ಕಟ್ಟಿದ್ದೀಯೆ ತೆರಿಗೆಯಾ? ಮನೆ ಕಂದಾಯನೇ ಮೂರು ವರ್ಸದ್ದು ಬಾಕಿ ಅದೆ.”

ಪಿಡಿಒ ಕನ್ನಡಕ ಒರೆಸಿಕೊಂಡರು.

ಕೊನೆಗೆ ಇಬ್ಬರನ್ನೂ ಕರೆಯುವುದೆಂದಾಯಿತು. ಮೊದಲ ದಿನಾಂಕಕ್ಕೆ ಸಂಸದರು ಬರಲಿಲ್ಲ. ಮಳವಳ್ಳಿ ಕಡೆ ಬಂಡೂರಿನಲ್ಲಿ ಕುರಿ ಸಾಕುವವರ ಸಭೆಯಿತ್ತು, ಅಲ್ಲಿ ಅವರಿಗೆ ಕಂಬಳಿ ಹೊದಿಸಿ ಒಂದು ಟಗರು ಮರಿಯನ್ನೂ ಕೊಟ್ಟರಂತೆ. ಎರಡನೆಯ ದಿನಾಂಕಕ್ಕೆ ಶಾಸಕರಿಗೆ ಅಧಿವೇಶನ. ಮೂರನೆಯದಕ್ಕೆ ಇಬ್ಬರೂ ಒಪ್ಪಿದರು. ಕ್ಯಾಲೆಂಡರ್ ನೋಡಿದರೆ ಅಮಾವಾಸ್ಯೆ.

ಈ ನಡುವೆ ಸ್ಟಿಕ್ಕರಿನ ಗಲಾಟೆ ಶುರುವಾಯಿತು. ಮದ್ದೂರಿನ ಸ್ಟಿಕ್ಕರ್ ಅಂಗಡಿಯಿಂದ ಶಾಸಕರ ಫೋಟೊ ಒಂದು, ಸಂಸದರದು ಒಂದು ತರಿಸಿ, ಇಬ್ಬರದೂ ಒಂದೇ ಅಳತೆ ಇರಲಿ ಎಂದು ಪಿಡಿಒ ಟೇಪು ಹಿಡಿದು ಅಳೆದು ಅಂಟಿಸಿದರು. ಬಲಕ್ಕೆ ಶಾಸಕರು, ಎಡಕ್ಕೆ ಸಂಸದರು, ಇಬ್ಬರೂ ಕೈಮುಗಿದು ನಗುತ್ತಿದ್ದರು. ಸಮಸ್ಯೆ ಗೊತ್ತಾದದ್ದು ಮರುದಿನ. ಗಾಡಿ ನಿಂತಿದ್ದ ರೀತಿಗೆ ರಸ್ತೆಯಲ್ಲಿ ಹೋಗುವವರಿಗೆ ಎಡಮೈ ಮಾತ್ರ ಕಾಣುತ್ತಿತ್ತು.

“ಏನಮ್ಮಾ, ಗಾಡಿ ತಿರುಗ್ಸಿ ನಿಲ್ಸು,” ಎಂದರು ಅಧ್ಯಕ್ಷೆಯ ಗಂಡ ಬೆಳಿಗ್ಗೆ. ತಿರುಗಿಸಿ ನಿಲ್ಲಿಸಿದೆ. ಸಂಜೆ ಉಪಾಧ್ಯಕ್ಷರು ಬಂದು ನೋಡಿ, “ಯಾರಮ್ಮ ತಿರುಗ್ಸಿದ್ದು? ಮೊದ್ಲಿದ್ದಂಗೇ ಮಡಗು,” ಎಂದರು. ಹಾಗೇ ಇಟ್ಟೆ. ಬ್ಯಾಟರಿ ಇಳಿದುಹೋಗಬಾರದೆಂದು ದಿನಾ ಹತ್ತು ನಿಮಿಷ ಎಂಜಿನ್ ಚಾಲು ಮಾಡಲು ಹೇಗೂ ಪಿಡಿಒ ಅಪ್ಪಣೆ ಕೊಟ್ಟಿದ್ದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಧ್ವಜಕಂಬ ಮತ್ತು ಹುಣಸೆಮರದ ನಡುವಿನ ಜಾಗದಲ್ಲಿ ಗಾಡಿ ತಿರುಗಿಸುವುದೇ ನನ್ನ ಕೆಲಸವಾಯಿತು. ಗೇಟಿನಾಚೆ ಒಂದು ಮೀಟರೂ ಓಡಿಸದೆಯೇ ಮದ್ದೂರು ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ರಿವರ್ಸ್ ಹಾಕುವವರು ಇನ್ನಾರೂ ಇಲ್ಲ ಎನ್ನುವ ಮಟ್ಟಕ್ಕೆ ಬಂದೆ.

ಆಮೇಲೆ ನೀಲಿ ತೊಟ್ಟಿಯಲ್ಲಿ ಒಂದು ಕೋಳಿ ಕಾವು ಕೂತಿತು. ಎದುರು ಮನೆಯ ಅಜ್ಜಿಯದು. ಎಂಜಿನ್ ಚಾಲು ಮಾಡಲು ಹೋದರೆ ಅಜ್ಜಿ ಕೋಲು ಹಿಡಿದು ಬಂದರು. “ಎಬ್ಬುಸ್ಬೇಡ ಕಣವ್ವ, ಅನ್ನೊಂದು ಮೊಟ್ಟೆ ಮಡಗಿವ್ನಿ. ನಿಮ್ ಗಾಡಿ ಎಂಗೂ ಓಗೋದಲ್ಲ!” ಹನ್ನೊಂದರಲ್ಲಿ ಒಂಬತ್ತು ಮರಿಯಾದವು. ನಮ್ಮ ಪಂಚಾಯಿತಿಯಲ್ಲಿ ಆ ವರ್ಷ ಹಿಡಿದ ಕೆಲಸ ಮುಗಿಸಿದ್ದು ಆ ಕೋಳಿ ಒಂದೇ ಎಂದು ಅಕ್ಕ ಎಲ್ಲರಿಗೂ ಹೇಳಿಕೊಂಡು ಬಂದಳು.

ಇದಕ್ಕೆಲ್ಲ ನಾನೂ ನಗುತ್ತಿದ್ದೆ. ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಟೀ ಅಂಗಡಿಯ ಮುಂದೆ ಕೂತವರ ಮಾತು ಕಿವಿಗೆ ಬೀಳುವವರೆಗೆ.

“ಗಾಡಿ ಯಾಕ್ಲಾ ನಿಂತದೆ?”

“ಆ ಎಣ್ಮಗಳಿಗೆ ಓಡ್ಸಕ್ಕೇ ಬರಕ್ಕಿಲ್ವಂತೆ ಕಣ್ಲಾ. ದಿನಾ ಇಂದಕ್ಕೇ ಓಗ್ತಾಳೆ, ಮುಂದಕ್ಕೆ ಓಗೋದನ್ನ ನೋಡಿದ್ದೀಯಾ?”

ಎಲ್ಲರೂ ನಕ್ಕರು. ಅಂಗಡಿಯವನೂ ನಕ್ಕ. ನಾನು ಖಾಲಿ ಕ್ಯಾನು ಹಿಡಿದು ಬೇಗ ಬೇಗ ಮನೆಗೆ ಬಂದೆ. ನನ್ನ ಗಂಡ ಮೊಪೆಡ್ ಬಿಟ್ಟು ಬೇರೇನೂ ಓಡಿಸಿದವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, “ನಿಂಗೆ ದಿಟ್ವಾಗ್ಲೂ ಬತ್ತದಾ?” ಎಂದು ಮೆಲ್ಲಗೆ ಕೇಳಿದರು. ಟೀ ಅಂಗಡಿಯವರ ನಗುವಿಗಿಂತ ಅದು ಹೆಚ್ಚು ಚುಚ್ಚಿತು. ಕೊತ್ತತ್ತಿಯ ನನ್ನ ತವರಿನಲ್ಲಿ ಮದುವೆಗೆ ಮುಂಚೆಯೇ ಅಣ್ಣನ ಟಿಲ್ಲರ್ ಹಿಡಿದು ಗದ್ದೆ ಉತ್ತವಳು ನಾನು. ಅದನ್ನು ಹೇಳಿ ಜಗಳವಾಡಬಹುದಿತ್ತು. ಅವತ್ತು ಕ್ಯಾನು ತೊಳೆಯಲು ಹಿತ್ತಿಲಿಗೆ ಹೋದೆ.

ಕಸ ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ. ಗಾಡಿ ಬಂದಿದೆ, ಇನ್ನೇನು ಎತ್ತುತ್ತಾರೆ ಎಂದು ಊರವರು ಡೈರಿಯ ಹಿಂದೆ ನಾಲೆಯ ಏರಿಗೆ ತಂದು ಸುರಿಯುತ್ತಿದ್ದರು. ಗುಡ್ಡೆ ಆಳೆತ್ತರ ಬೆಳೆಯಿತು. ಗಾಳಿ ಬೀಸಿದರೆ ಪ್ಲಾಸ್ಟಿಕ್ ಕವರುಗಳು ಹಾರಿ ಭತ್ತದ ಗದ್ದೆಗೆ ಬೀಳುತ್ತಿದ್ದವು. ಅಂಗನವಾಡಿ ಮಕ್ಕಳು ಮೂಗು ಮುಚ್ಚಿಕೊಂಡು ಹೋಗುವುದನ್ನೇ ಆಟ ಮಾಡಿಕೊಂಡಿದ್ದವು.

ಹೀಗಿರುವಾಗ ಒಂದು ದಿನ ಟಿವಿಯಲ್ಲಿ ದೊಡ್ಡ ಸುದ್ದಿ ಬಂತು. ಲೋಕಸಭೆ ಚುನಾವಣೆಗೆ ನಮ್ ಪಕ್ಸ, ದಿಲ್ಲಿ ಪಕ್ಸ ಎರಡೂ ಕೈ ಜೋಡಿಸಿವೆ. ನಾನು ಖುಷಿಯಿಂದ ಪಂಚಾಯಿತಿಗೆ ಓಡಿದೆ. ಅಲ್ಲಿ ಅಧ್ಯಕ್ಷೆಯ ಗಂಡ ಉಪಾಧ್ಯಕ್ಷರ ಬಾಯಿಗೆ ಮೈಸೂರು ಪಾಕು ತುರುಕುತ್ತಿದ್ದರು. ಹತ್ತು ವರ್ಷದ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು, ನಡುವೆ ಒಂದಾಳಿನ ಜಾಗ ಬಿಟ್ಟು.

ಪಿಡಿಒ ಮುಖದಲ್ಲೂ ಮೊದಲ ಬಾರಿಗೆ ಬೆಳಕು ಕಂಡಿತು. “ಹಾಗಾದರೆ ಉದ್ಘಾಟನೆ ಇಟ್ಟುಕೊಳ್ಳೋಣವೇ?” ಎಂದರು.

“ಇಟ್ಕೊಳಿ ಸಾರ್. ಸಂಸದ್ರೇ ಬೀಸ್ಲಿ, ದೊಡ್ಡೋರು,” ಎಂದರು ಅಧ್ಯಕ್ಷೆಯ ಗಂಡ.

“ಛೆ ಛೆ, ಎಲ್ಲಾದ್ರೂ ಉಂಟಾ! ನಿಮ್ ಸಾಸಕರೇ ಬೀಸ್ಲಿ ಬುಡಪ್ಪ,” ಎಂದರು ಉಪಾಧ್ಯಕ್ಷರು.

“ಇಲ್ಲಾ ಕಣ್ಲಾ, ನಿಮ್ಮೋರೇ ಬೀಸ್ಬೇಕು.”

“ನನ್ ಮಾತ್ ಕೇಳು, ನಿಮ್ಮೋರೇ.”

ಜಗಳವಾಡುವಾಗ ಇಬ್ಬರೂ ತಮ್ಮವರೇ ಬರಲಿ ಎನ್ನುತ್ತಿದ್ದರು, ಒಂದು ದಾರಿಯಾದರೂ ಇತ್ತು. ಈಗ ಇಬ್ಬರೂ ಇನ್ನೊಬ್ಬರನ್ನು ಮುಂದೆ ತಳ್ಳುತ್ತಿದ್ದರು. ಯಾಕೆಂದು ಪಿಡಿಒ ಆಮೇಲೆ ವಿವರಿಸಿದರು. ಹೊಂದಾಣಿಕೆಯಲ್ಲಿ ನಮ್ಮ ಲೋಕಸಭಾ ಕ್ಷೇತ್ರ ಯಾವ ಪಕ್ಷದ ಪಾಲಿಗೆ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಈಗಿನ ಸಂಸದರಿಗೇ ಟಿಕೆಟ್ ಸಿಗುತ್ತದೋ, ಶಾಸಕರ ಪಕ್ಷದವರಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಈಗ ಯಾರ ಹೆಸರನ್ನು ಮೇಲೆ ಹಾಕಿ ಆಹ್ವಾನ ಪತ್ರಿಕೆ ಹೊಡೆಸಿದರೂ ನಾಳೆ ತಪ್ಪಾಗಬಹುದು. ಹಾಗಾಗಿ ಇಬ್ಬರೂ “ಮೇಲಿನವ್ರನ್ನ ಕೇಳಿ ಯೋಳ್ತೀವಿ” ಎಂದರು. ಮೇಲಿನವರು ಬೆಂಗಳೂರಿನವರನ್ನು ಕೇಳಬೇಕು, ಬೆಂಗಳೂರಿನವರು ದಿಲ್ಲಿಯನ್ನು. ದಿಲ್ಲಿಯಲ್ಲಿ ಮಾತುಕತೆ ನಡೆಯುತ್ತಿತ್ತು. ನಾಲೆ ಏರಿಯ ಮೇಲೆ ಗುಡ್ಡೆ ಬೆಳೆಯುತ್ತಿತ್ತು.

ಮಾತುಕತೆ ಮುಗಿಯುವ ಮೊದಲೇ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಗೆ ಬಂತು. ಪಿಡಿಒ ಅಂಟು ಕಲಸಿಕೊಂಡು ಹಳೇ ಪತ್ರಿಕೆಯ ಹಾಳೆ ಹಿಡಿದು ಬಂದು ಎರಡೂ ಫೋಟೊಗಳ ಮೇಲೆ ಅಂಟಿಸಿದರು. ಶಾಸಕರ ಮುಖದ ಮೇಲೆ ರಾಶಿ ಭವಿಷ್ಯ, ಸಂಸದರ ಮುಖದ ಮೇಲೆ ಕುಕ್ಕರ್ ಜಾಹೀರಾತು ಬಂತು. “ಇನ್ನು ಎರಡೂವರೆ ತಿಂಗಳು ಉದ್ಘಾಟನೆ ಮಾತೇ ಇಲ್ಲಮ್ಮ,” ಎಂದರು.

ಮರುದಿನದಿಂದ ಅಧ್ಯಕ್ಷೆಯ ಗಂಡ, ಉಪಾಧ್ಯಕ್ಷರು ಒಂದೇ ಕಾರಿನಲ್ಲಿ ಪ್ರಚಾರಕ್ಕೆ ಹೊರಟುಬಿಟ್ಟರು. ಬೆಳಿಗ್ಗೆ ಹೋದರೆ ಊರಿಗೆ ವಾಪಸ್ಸಾಗುತ್ತಿದ್ದುದು ಯಾವಾಗಲೋ. ಪಂಚಾಯಿತಿ ಕಚೇರಿಯಲ್ಲಿ ಫ್ಯಾನು ತಿರುಗುವ ಸದ್ದು ಕೇಳತೊಡಗಿತು. ಅಧ್ಯಕ್ಷೆ ಮೊದಲ ಬಾರಿಗೆ ಒಬ್ಬರೇ ಬಂದು ಕುರ್ಚಿಯಲ್ಲಿ ಕೂತರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಮ್ಮ ಊಟದ ಡಬ್ಬಿ ಇಟ್ಟುಕೊಂಡಿದ್ದರು.

ಮೂರನೆಯ ದಿನ ನಾನು ಅಕ್ಕನನ್ನು ಕರೆದುಕೊಂಡು ಒಳಗೆ ಹೋದೆ. ಕೇಳಬೇಕಾದ ಮಾತನ್ನು ರಾತ್ರಿಯಿಡೀ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ.

“ಸಾರ್, ಉದ್ಘಾಟ್ನೆ ಮಾಡಂಗಿಲ್ಲ, ಸರಿ. ಕಸ ಎತ್ತಂಗಿಲ್ಲ ಅಂತಾನೂ ಬರ್ದವ್ರಾ?”

ಪಿಡಿಒ ಕನ್ನಡಕ ತೆಗೆದರು. ಒರೆಸಿದರು. “ಹೊಸ ಕೆಲಸ ಶುರು ಮಾಡಬಾರದು ಅಂತ ಇದೆಯಮ್ಮ. ನಡೆಯುತ್ತಿರುವುದನ್ನು ಮುಂದುವರಿಸಬಹುದು. ಈ ಗಾಡಿ ಹೊಸದೋ, ನಡೆಯುತ್ತಿರುವುದೋ, ಅದೇ ಪ್ರಶ್ನೆ.”

“ಕಸ ಹೊಸ್ದಲ್ಲ ಸಾರ್,” ಎಂದಳು ಅಕ್ಕ. “ಮೂಗಿಟ್ ನೋಡಿ ಬೇಕಾರೆ.”

ಪಿಡಿಒ ಮದ್ದೂರಿನ ತಾಲ್ಲೂಕು ಪಂಚಾಯಿತಿಗೆ ಪತ್ರ ಬರೆದರು. ನಾಲ್ಕು ದಿನಕ್ಕೆ ಉತ್ತರ ಬಂತು. ಒಂದೇ ಸಾಲು: ‘ನಿಯಮಾನುಸಾರ ಕ್ರಮ ವಹಿಸುವುದು.’ ಅವರು ಅದನ್ನು ಮೂರು ಸಲ ಓದಿದರು, ಹಾಳೆ ತಿರುಗಿಸಿ ಹಿಂದೆಯೂ ನೋಡಿದರು.

ಆಗ ಅಧ್ಯಕ್ಷೆ ಮಾತಾಡಿದರು. ಎರಡು ವರ್ಷದಲ್ಲಿ ಸಭೆಯ ಕೋಣೆಯಲ್ಲಿ ನಾನು ಅವರ ದನಿ ಕೇಳಿದ್ದು ಅದೇ ಮೊದಲು.

“ಸಾರ್, ಕಸ ಎತ್ತೋದು ಪಂಚಾಯ್ತಿ ಕೆಲ್ಸ ಅಂತ ನಿಯಮ ಅದಾ, ಇಲ್ವಾ?”

“ಇದೆ ಮೇಡಂ.”

“ಮತ್ತೆ ಅದೇ ನಿಯಮಾನುಸಾರ. ಎಲ್ಲಿಗೆ ಸಯ್ ಆಕ್ಬೇಕು ಯೋಳಿ, ಆಕ್ತೀನಿ.”

ಪಿಡಿಒ ಕಿಟಕಿಯಾಚೆ ಗಾಡಿಯನ್ನೊಮ್ಮೆ ನೋಡಿದರು. ಆಮೇಲೆ ವಾಹನದ ಲಾಗ್ ಪುಸ್ತಕ ತೆಗೆದು, ಮೊದಲ ಸಾಲಿನಲ್ಲಿ ದುಂಡಗೆ ‘ಪ್ರಾಯೋಗಿಕ ಓಡಾಟ’ ಎಂದು ಬರೆದರು. ಅಧ್ಯಕ್ಷೆ ಕೆಳಗೆ ಸಹಿ ಹಾಕಿದರು. “ಫೋಟೊ ಮಾತ್ರ ಇರಕೂಡದು,” ಎಂದರು ಪಿಡಿಒ, “ಪೇಪರ್ ಹಾರಿಹೋದರೆ ನನ್ನ ಕೆಲಸವೂ ಹಾರಿಹೋಗುತ್ತದೆ.”

ಆ ಮಧ್ಯಾಹ್ನ ನಾವಿಬ್ಬರೂ ಬಿಸಿನೀರು, ಸೀಮೆಎಣ್ಣೆ, ದೋಸೆ ಮಗುಚುವ ಕೈ ತಂದು ಕೂತೆವು. ಬಿಸಿಲಿಗೆ ಸ್ಟಿಕ್ಕರ್ ಬಿಗಿದು ಹಿಡಿದಿತ್ತು. ಸಂಸದರು ಅರ್ಧ ಗಂಟೆಯಲ್ಲಿ ಬಂದರು. ಶಾಸಕರು ಕಿವಿ, ಮೂಗು, ಕೈ ಎಂದು ತುಂಡುತುಂಡಾಗಿ ಬಂದರು. “ಲೋಕಲ್ ಅಂದ್ರೆ ಇಂಗೇ ಕಣಮ್ಮಿ, ಬುಡಕ್ಕಿಲ್ಲ,” ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಆರೂವರೆಗೆ ಅಂಗಳದಿಂದ ಹೊರಟೆ. ಮುಂದಕ್ಕೆ. ಮೈಕಿನಲ್ಲಿ ಹಾಕಲು ಹಾಡು ಇನ್ನೂ ಕೊಟ್ಟಿರಲಿಲ್ಲ, ಅದರ ಬದಲು ಅಕ್ಕ ಕೂಗಿದಳು. ಎರಡು ಬೀದಿ ಮುಗಿಯುವಷ್ಟರಲ್ಲಿ ತೊಟ್ಟಿ ತುಂಬಿತು. ಕಸ ಸುರಿಯಲು ಪಂಚಾಯಿತಿ ಗೊತ್ತುಮಾಡಿದ್ದ ಜಾಗ ನಾಲೆಯಾಚೆ, ಸೇತುವೆಗೆ ಹತ್ತುವ ಏರು ಟೀ ಅಂಗಡಿಯ ಎದುರಿಗೇ. ತುಂಬಿದ ಗಾಡಿಯನ್ನು ನಾನು ಒಮ್ಮೆಯೂ ಓಡಿಸಿರಲಿಲ್ಲ. ಏರಿನ ನಡುಮಧ್ಯದಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಬ್ರೇಕ್ ಒತ್ತಿದೆ, ಎಂಜಿನ್ ಆಫ್ ಆಯಿತು, ಗಾಡಿ ಒಂದು ಅಡಿ ಹಿಂದಕ್ಕೆ ಜಾರಿತು.

ಟೀ ಅಂಗಡಿಯಲ್ಲಿ ಎಲ್ಲರೂ ಎದ್ದು ನಿಂತರು. “ಇಂದಕ್ ಬತ್ತಾ ಅವ್ಳೆ, ಜರುಗ್ರಲಾ!” ಎಂದು ಯಾರೋ ಒಬ್ಬ ಕೂಗಿದ.

ಮಂಡ್ಯದಲ್ಲಿ ಹೇಳಿಕೊಟ್ಟ ಮೇಷ್ಟ್ರ ಮಾತು ಒಂದೊಂದೇ ನೆನೆಸಿಕೊಂಡೆ. ಹ್ಯಾಂಡ್ ಬ್ರೇಕ್ ಎಳೆದು ಮತ್ತೆ ಎಂಜಿನ್ ಚಾಲು ಮಾಡಿದೆ. ಮೊದಲ ಗೇರು. ಕ್ಲಚ್ಚನ್ನು ಗಾಡಿಯ ಮೂತಿ ಸ್ವಲ್ಪ ಏಳುವವರೆಗೆ ಬಿಟ್ಟು, ಆಕ್ಸಿಲರೇಟರ್ ಕೊಡುತ್ತ ಹ್ಯಾಂಡ್ ಬ್ರೇಕ್ ಸಡಿಲಿಸಿದೆ. ಗಾಡಿ ಒಮ್ಮೆ ನಡುಗಿ ಏರು ಹತ್ತಿತು. ಟ್ರ್ಯಾಕ್ಟರಿನವನು ತಾನೇ ಹಿಂದಕ್ಕೆ ಹೋಗಿ ದಾರಿ ಬಿಟ್ಟ. ಸೇತುವೆಯ ಮೇಲೆ ತಲುಪಿದಾಗ ಅಕ್ಕ ಹಿಂದಿನಿಂದ ಟೀ ಅಂಗಡಿಯವರಿಗೆ ಏನೋ ಕೂಗಿದಳು. ಅದನ್ನು ಇಲ್ಲಿ ಬರೆಯಲಾರೆ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ವಾಪಸ್ಸು ಬರುವಾಗ ಅಂಗಡಿಯವನು ಒಡೆದ ಲೋಟ, ಟೀ ಚರಟದ ಬಕೆಟ್ ಹಿಡಿದು ರಸ್ತೆ ಬದಿಯಲ್ಲೇ ನಿಂತಿದ್ದ. ಅವತ್ತು ಸಂಜೆ ಗಂಡ ಮೊಪೆಡ್ಡಿನ ಪಕ್ಕ ಕೂತು, ಹ್ಯಾಂಡ್ ಬ್ರೇಕ್ ಎಂದರೆ ಎಲ್ಲಿರುತ್ತದೆ ಎಂದು ಕೇಳಿದರು.

ಚುನಾವಣೆಯ ಚೆಕ್‌ಪೋಸ್ಟ್ ಹಾಕಿದ್ದೂ ಆ ನಾಲೆಯಾಚೆಯೇ. ಪ್ರತಿ ವಾಹನವನ್ನೂ ತಪಾಸಣೆ ಮಾಡಿ ವಿಡಿಯೊ ಮಾಡಬೇಕೆಂದು ಅವರಿಗೆ ಆದೇಶ. ಹೊಸ ಅಧಿಕಾರಿ ಶಿಸ್ತಿನವರು. “ತೊಟ್ಟಿ ತೆಗೀರಿ,” ಎಂದರು. ಅಕ್ಕ ಹಸಿ ಕಸದ ಮುಚ್ಚಳ ಪೂರ್ತಿ ತೆರೆದಳು. ಹಿಂದಿನ ದಿನ ಊರಲ್ಲಿ ಬೀಗರ ಔತಣವಿತ್ತು. ವಿಡಿಯೊದವನು ಮೊದಲು ಓಡಿದ. ಅಧಿಕಾರಿ ನಿಂತಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, “ಈ ಮೈ ಮೇಲೆ ಏನದು?” ಎಂದರು. ಸ್ಟಿಕ್ಕರ್ ಹೋಗಿದ್ದರೂ ಅಂಟಿಗೆ ಧೂಳು ಕೂತು, ಕೈಮುಗಿದ ಇಬ್ಬರ ಆಕಾರ ಎರಡೂ ಕಡೆ ಅಚ್ಚೊತ್ತಿದಂತೆ ಉಳಿದಿತ್ತು.

“ಧೂಳು ಸಾರ್,” ಎಂದೆ.

“ಧೂಳಿಗೆ ಮೀಸೆ ಇರುತ್ತದೇನಮ್ಮ? ತೊಳಿಸಿ.”

ಮತ್ತೆ ಸೀಮೆಎಣ್ಣೆ ಹಾಕಿ ಉಜ್ಜಿದೆವು. ಮೀಸೆ ಹೋಯಿತು. ಮರುದಿನದಿಂದ ಚೆಕ್‌ಪೋಸ್ಟಿನವರು ನಮ್ಮ ಗಾಡಿ ದೂರದಲ್ಲಿ ಕಂಡರೇ ರಸ್ತೆಯ ಅಡ್ಡಕೋಲು ಎತ್ತಿಬಿಡುತ್ತಿದ್ದರು.

ಹೀಗೆ ಎರಡೂವರೆ ತಿಂಗಳು ದಿನಾ ಲಾಗ್ ಪುಸ್ತಕದಲ್ಲಿ ‘ಪ್ರಾಯೋಗಿಕ ಓಡಾಟ’ ಎಂದೇ ಬರೆದೆ. ಡೈರಿಯ ಹಿಂದಿನ ಗುಡ್ಡೆಯನ್ನು ಇಪ್ಪತ್ತು ದಿನದಲ್ಲಿ ಕರಗಿಸಿದೆವು. ಅಧ್ಯಕ್ಷೆ ವಾರಕ್ಕೊಂದು ಸಲ ಬಂದು ಬೀದಿ ಸುತ್ತಿ ಯಾವ ಮನೆಯವರು ಹಸಿ ಕಸ, ಒಣ ಕಸ ಬೆರೆಸುತ್ತಾರೆಂದು ಬರೆದುಕೊಳ್ಳುತ್ತಿದ್ದರು. ಮೊದಲು ಸಿಕ್ಕಿಬಿದ್ದದ್ದು ಅವರದೇ ಮನೆ.

ಚುನಾವಣೆ ಮುಗಿಯಿತು. ಗೆದ್ದವರು ಯಾರು ಎಂಬುದು ಈ ಕಥೆಗೆ ಬೇಡ. ನೀತಿಸಂಹಿತೆ ತೆಗೆದ ಮರುದಿನವೇ ಅಧ್ಯಕ್ಷೆಯ ಗಂಡ, ಉಪಾಧ್ಯಕ್ಷರು ಜೊತೆಯಾಗಿ ಕಚೇರಿಗೆ ಬಂದರು. ಬಿಸಿಲಿಗೆ ಇಬ್ಬರೂ ಕಪ್ಪಾಗಿದ್ದರು. ಗಾಡಿಯನ್ನು ನೋಡಿ ನಿಂತರು. ಬಲಗಡೆ ಕಬ್ಬಿನ ಗಾಡಿ ಉಜ್ಜಿದ ಗೀರು, ಮುಂದೆ ಒಂದು ನಗ್ಗು.

“ಉದ್ಘಾಟ್ನೆ ಆಗ್ದೇನೇ ಅಳೇದಾಗೋಯ್ತಲ್ಲಾ!” ಎಂದರು ಉಪಾಧ್ಯಕ್ಷರು.

“ಇದು ಇನ್ನೂ ಪ್ರಾಯೋಗಿಕ,” ಎಂದರು ಪಿಡಿಒ, ಕನ್ನಡಕ ಒರೆಸದೆ.

ಒಂದು ಸೋಮವಾರ ಹತ್ತು ಗಂಟೆಗೆ ಕಾರ್ಯಕ್ರಮ ಇಟ್ಟರು. ಬಾಳೆಕಂದು, ಶಾಮಿಯಾನ, ಅಂಗಳಕ್ಕೆ ಅಡ್ಡಲಾಗಿ ಕೆಂಪು ಟೇಪು. ಗಾಡಿಗೆ ಎರಡು ಸಲ ಸೋಪು ಹಾಕಿ ತೊಳೆದು ಊದುಬತ್ತಿ ಸಿಕ್ಕಿಸಿದೆವು. ಅತಿಥಿಗಳು ಬಂದಾಗ ಹನ್ನೆರಡೂವರೆ. ಭಾಷಣಗಳಲ್ಲಿ ದಿಲ್ಲಿ, ಬೆಂಗಳೂರು ಎಲ್ಲ ಬಂದವು. ಕೊನೆಗೆ ಒಂದೇ ಹಸಿರು ಬಾವುಟದ ಕೋಲನ್ನು ಆರು ಕೈಗಳು ಹಿಡಿದವು. ನಾನು ಹತ್ತು ಮೀಟರ್ ಮುಂದಕ್ಕೆ ಓಡಿಸಿದೆ, ಚಪ್ಪಾಳೆ ಬಿತ್ತು. ಫೋಟೊದವನು ಕೂಗಿದ: ಒಬ್ಬರು ಕಣ್ಣು ಮುಚ್ಚಿದ್ದರು, ಇನ್ನೊಮ್ಮೆ. ಹಿಂದಕ್ಕೆ ಬಂದೆ. ಮತ್ತೆ ಮುಂದಕ್ಕೆ. ಈ ಸಲ ಬಾವುಟ ಯಾರದೋ ಮುಖಕ್ಕೆ ಅಡ್ಡ ಬಂದಿತ್ತು, ಇನ್ನೊಮ್ಮೆ.

ಅಧ್ಯಕ್ಷೆ ಗುಂಪಿನಿಂದ ಬಿಡಿಸಿಕೊಂಡು ನನ್ನ ಕಿಟಕಿಯ ಹತ್ತಿರ ಬಂದರು. “ಕೆಳಗಿನ್ ಬೀದಿಯವ್ರು ಬೆಳಗ್ಗಿಂದ ಬಕೆಟ್ ಇಡ್ಕಂಡ್ ಕಾಯ್ತಾವ್ರೆ. ನೀನು ಓಗವ್ವ,” ಎಂದು ಬಾಗಿಲು ತಟ್ಟಿದರು.

ಮೂರನೆಯ ಸಲ ಬಾವುಟ ಬೀಸಿದಾಗ ನಾನು ನಿಲ್ಲಿಸಲಿಲ್ಲ. ಅಕ್ಕ ಓಡಿ ಬಂದು ಹಿಂದಿನ ಮೆಟ್ಟಿಲು ಹತ್ತಿದಳು. ಕೆಳಗಿನ ಬೀದಿಗೆ ತಿರುಗಿದಾಗ ಮೊದಲ ಮನೆಯಾಕೆ ಬಕೆಟ್ ಹಿಡಿದು ಜಗಲಿಯ ಮೇಲೆ ಸಿಡಿಮಿಡಿ ಅನ್ನುತ್ತ ನಿಂತಿದ್ದಳು.

“ಏನಮ್ಮಿ, ಇವತ್ತು ಇಷ್ಟೊತ್ತು?”

“ಉದ್ಘಾಟ್ನೆ ಇತ್ತು ಕಣಕ್ಕ.”

“ಯಾವುದ್ರದು?”

“ಈ ಗಾಡಿದೇ. ಇವತ್ತಿಂದ ಸುರು.”

ಅವಳು ಬಕೆಟ್ಟನ್ನು ಕೆಳಗಿಟ್ಟು ಗಾಡಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ಮತ್ತೆ ಇಷ್ಟು ದಿನ ಬತ್ತಿದ್ದುದು ಯಾವ್ ಗಾಡಿಯಮ್ಮಿ?”